ಪೂಜೆಯಾದ ಟ್ರೆಡ್‌ಮಿಲ್

ನಾನು ಒಂದು ಟ್ರೆಡ್‌ಮಿಲ್. ಮನುಷ್ಯರನ್ನು ನಿಂತ ಜಾಗದಲ್ಲೇ ನಡೆಸುವ ಯಂತ್ರ. ಕಾಲು ಇದೆ, ಹೊರಗೆ ನೆಲ ಇದೆ, ಎರಡರ ನಡುವೆ ನಾನೇಕೆ ಎಂದು ಬಹಳ ಕಾಲ ಯೋಚಿಸುತ್ತಿದ್ದೆ. ಉತ್ತರ ಸಿಕ್ಕಿತು. ಸಿಕ್ಕ ಮೇಲೆ ನನಗೆ ಹುಟ್ಟಿದ್ದು ಹೇಸಿಗೆ. ಅದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವುದು ನನ್ನಿಂದಾಗದು. ನಯವಾದ ಮಾತು ಬೇಕಿದ್ದವರು ಸೋಫಾದ ಕಥೆ ಕೇಳಲಿ.

ನನ್ನ ಹೊಟ್ಟೆಯೊಳಗಿನ ಮೋಟಾರು ಹಡಗಿನಲ್ಲಿ ಬಂತು. ಕಬ್ಬಿಣದ ಚೌಕಟ್ಟನ್ನು ಬೆಂಗಳೂರಿನ ಆಚೆ ಒಂದು ತಗಡಿನ ಶೆಡ್ಡಿನಲ್ಲಿ ಬೆಸೆದರು. ಎರಡು ಉರುಳೆಗಳ ಸುತ್ತ ಕಪ್ಪು ರಬ್ಬರಿನ ಪಟ್ಟಿಯನ್ನು ಬಿಗಿದು ಗುಂಡಿ ಒತ್ತಿದಾಗ ನಾನು ಮೊದಲ ಸಲ ಓಡಿದೆ. ಮೇಲೆ ಯಾರೂ ಇರಲಿಲ್ಲ. ಪಟ್ಟಿಯ ಮೇಲೆ ಒಂದು ಕಲೆ ಇಲ್ಲ, ಒಂದು ಕೂದಲಿಲ್ಲ. ನನ್ನ ಇಡೀ ಬದುಕಿನಲ್ಲಿ ನಾನು ಚೊಕ್ಕವಾಗಿದ್ದದ್ದು ಆ ಒಂದು ಮಧ್ಯಾಹ್ನ. ಆಮೇಲೆ ಕಾಲುಗಳು ಬಂದವು.

ನನ್ನನ್ನು ಮೊದಲು ಕೊಂಡದ್ದು ಮೈಸೂರಿನ ಒಂದು ಜಿಮ್. ಬೇಕರಿಯೊಂದರ ಮಹಡಿಯ ಮೇಲೆ ಅದು ಇತ್ತು. ಕೆಳಗಿನಿಂದ ಬಿಸಿ ಪಫ್ಸಿನ ವಾಸನೆ, ಮೇಲೆ ಬೆವರಿನ ವಾಸನೆ. ಎರಡೂ ಕಲೆತು ಕಿಟಕಿ ತೆರೆಯದ ಆ ಕೋಣೆಯಲ್ಲಿ ನಿಂತಿರುತ್ತಿದ್ದ ಗಾಳಿಯನ್ನು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಜನವರಿ ಬಂದರೆ ನನ್ನ ಮುಂದೆ ಸಾಲು. ಹೊಸ ಶೂ, ಹೊಸ ಟವೆಲು, ಹೊಸ ಶಪಥ. ಸಂಕ್ರಾಂತಿಯ ಎಳ್ಳುಬೆಲ್ಲ ತಿಂದು ಮುಗಿಸುವಷ್ಟರಲ್ಲಿ ಅರ್ಧ ಜನ ನಾಪತ್ತೆ. ಉಳಿದವರಲ್ಲಿ ಸೈಟು ವ್ಯಾಪಾರದವರೊಬ್ಬರಿದ್ದರು. ನನ್ನನ್ನು ಆಮೆಯ ವೇಗಕ್ಕೆ ಇಟ್ಟು, ಹಿಡಿಕೆಗೆ ಜೋತುಬಿದ್ದು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಯಾರದೋ ಜಮೀನನ್ನು ಇನ್ಯಾರಿಗೋ ಮಾರುತ್ತಿದ್ದರು. ಇಳಿದವರು ನೇರವಾಗಿ ಬೇಕರಿಗೆ. ಇನ್ನೊಬ್ಬ ಹತ್ತಿ, ಕನ್ನಡಿಯಲ್ಲಿ ಕಾಣುವ ತನ್ನ ಫೋಟೋ ತೆಗೆದುಕೊಂಡು, ನಡೆಯದೆಯೇ ಇಳಿದುಬಿಡುತ್ತಿದ್ದ. ನಿಜವಾಗಿ ಓಡುವವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರ ಬೆವರೂ ನನ್ನ ಮೇಲೇ ತಾನೆ ಬೀಳಬೇಕು. ಒರೆಸಲೆಂದು ಗೋಡೆಗೆ ಒಂದು ಬಟ್ಟೆ ನೇತುಹಾಕಿದ್ದರು. ಮೊದಲು ಆ ಬಟ್ಟೆಯನ್ನು ಯಾರಾದರೂ ಒಗೆಯಬೇಕಿತ್ತು.

ಜಿಮ್ ಬಹಳ ದಿನ ನಡೆಯಲಿಲ್ಲ. ಕೆಳಗಿನ ಬೇಕರಿ ಮಾತ್ರ ಚೆನ್ನಾಗಿ ನಡೆಯಿತು, ಕೊನೆಗೆ ಮಹಡಿಯನ್ನೂ ಅದೇ ನುಂಗಿತು. ಸಾಮಾನುಗಳನ್ನು ಮಾರಲು ಹೊರಗೆ ಇಟ್ಟ ದಿನ ಶಿವನಂಜಪ್ಪನವರು ಬಂದರು. ಮಂಡಿ ಮೊಹಲ್ಲಾದ ಹತ್ತಿರ ಅವರದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ಏನೇ ಇರಲಿ, ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತಿ ಜೀವ ಕೊಡುವ ಕೆಲಸ. ಅವರು ಬೇರೆಯವರ ಹಾಗೆ ನನ್ನ ಗುಂಡಿಗಳನ್ನು ಒತ್ತಲಿಲ್ಲ. ಮುಂದಿನ ಮುಚ್ಚಳ ಬಿಚ್ಚಿ ಮೋಟಾರನ್ನು ನೋಡಿದರು, ಬೆರಳು ಸೋಕಿಸಿ ಕಣ್ಣಿಗೆ ಒತ್ತಿಕೊಂಡರು. ಅವರ ಅಂಗಡಿಯಲ್ಲಿ ಮೋಟಾರನ್ನು ಯಾರೂ ದಾಟಬಾರದು, ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು, ಕಾಲು ತಗುಲಿದರೆ ಮುಟ್ಟಿ ನಮಸ್ಕರಿಸಬೇಕು. ಅನ್ನ ಕೊಡುವ ವಸ್ತುವಿಗೆ ಅಷ್ಟು ಮರ್ಯಾದೆ. ಅಂಥವರ ಮನೆಗೆ ಹೋಗುತ್ತಿದ್ದೇನಲ್ಲ ಎಂದು ನಾನು ಬೀಗಿದೆ. ಎಂಥ ದಡ್ಡತನ!

ಗೂಡ್ಸ್ ಆಟೋದಲ್ಲಿ ನನ್ನನ್ನು ಸಾಗಿಸುವಾಗ ಅವರು ಡ್ರೈವರಿಗೆ ಎಲ್ಲವನ್ನೂ ಹೇಳಿಕೊಂಡರು. ಹೆಂಡತಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯದಿದ್ದರೆ ಇಂಜೆಕ್ಷನ್ನೇ ಗತಿ ಎಂದಿದ್ದಾರೆ ಡಾಕ್ಟರು. ಅದಕ್ಕೆ ಆಕೆ ಎದುರುಮನೆಯ ರಿಟೈರಾದ ಲಿಲ್ಲಿ ಟೀಚರ್ ಜೊತೆ ಬೆಳಿಗ್ಗೆ ಹೊತ್ತು ಬೋಗಾದಿ ರಸ್ತೆಯಲ್ಲಿ ವಾಕಿಂಗ್ ಹೋಗುತ್ತಾಳೆ. ಸೀರೆ ಉಟ್ಟು, ಕೆಳಗೆ ಬಿಳಿ ಶೂ ಹಾಕಿಕೊಂಡು, ಕೈ ಬೀಸಿಕೊಂಡು. ಗಿರಾಕಿಯೊಬ್ಬ ಅಂಗಡಿಗೆ ಬಂದು, ನಿಮ್ಮನೆಯವರು ದಿನಾ ನಮ್ಮ ಬೀದೀಲಿ ಪೆರೇಡ್ ಮಾಡ್ತಾರಲ್ಲ ಎಂದು ನಕ್ಕನಂತೆ. ಅವತ್ತಿನಿಂದ ಶಿವನಂಜಪ್ಪನವರಿಗೆ ಊಟ ಸೇರಿಲ್ಲ. ಸರಗಳ್ಳರ ಕಾಟ, ಬೀದಿ ನಾಯಿ ಎಂದೆಲ್ಲ ಮನೆಯಲ್ಲಿ ಹೇಳಿ ನನ್ನನ್ನು ತರುತ್ತಿದ್ದರು. ಹಗ್ಗ ಬಿಗಿಸಿಕೊಂಡು ಹಿಂದೆ ಮಲಗಿದ್ದ ನನಗೆ ಆಗ ಉತ್ತರ ಸಿಕ್ಕಿತು. ಒಬ್ಬ ಹೆಂಗಸಿನ ಕಾಲಿಗೂ ಹೊರಗಿನ ನೆಲಕ್ಕೂ ನಡುವೆ ನಾನಿದ್ದೆ, ಅಡ್ಡಗೋಡೆಯ ಹಾಗೆ.

ಆ ಹೆಂಗಸಿನ ಹೆಸರು ಗಿರಿಜಾಂಬ. ಮನೆಯಲ್ಲಿ ಗಿರಿಜಾ. ನನ್ನನ್ನು ಇಳಿಸಿದಾಗ ಆಕೆ ಬಾಗಿಲ ಬಳಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಲಿಲ್ಲಿ ಟೀಚರಿಗೆ ಏನು ಹೇಳಲಿ ಎಂದಷ್ಟೇ ಕೇಳಿದಳು. ರಸ್ತೇನೇ ಮನೆಗೆ ತಂದುಕೊಟ್ಟಿದ್ದೀನಲ್ಲ, ಇನ್ನೇನು ಬೇಕು ಎಂದರು ಗಂಡ. ಅವರ ತಾಯಿ ರಾಜಮ್ಮಣ್ಣಿಯವರು ಹೌದಪ್ಪ ಹೌದು ಎಂದು ತಲೆಯಾಡಿಸಿದರು.

ನನಗೆ ಬೇಕಾದ ದೊಡ್ಡ ಪ್ಲಗ್ಗು ಹಜಾರದಲ್ಲಿ ಇದ್ದದ್ದು ಒಂದೇ, ಅದೂ ದೇವರಕೋಣೆಯ ಪಕ್ಕದಲ್ಲಿ. ದೇವರಿಗೆ ಬೆನ್ನು ಮಾಡಿ ನಡೆಯುವುದು ಸರಿಯಲ್ಲವೆಂದು ನನ್ನ ಮೂತಿಯನ್ನು ದೇವರಕೋಣೆಯ ಕಡೆಗೇ ತಿರುಗಿಸಿದರು. ಗಿರಿಜಾ ಎಷ್ಟು ನಡೆದರೂ ದೇವರು ಇದ್ದಲ್ಲೇ ಇರುತ್ತಿದ್ದ, ಆಕೆಯೂ ಇದ್ದಲ್ಲೇ ಇರುತ್ತಿದ್ದಳು.

ಆದರೂ ಮೊದಲ ಕೆಲವು ತಿಂಗಳು ಒಳ್ಳೆಯವು. ನನ್ನ ಕಥೆಯಲ್ಲಿ ಅಸಹ್ಯವಲ್ಲದ್ದು ಏನಾದರೂ ಇದ್ದರೆ ಅದಿಷ್ಟೇ. ಗಿರಿಜಾಳ ಎಡಗಾಲಿನಲ್ಲಿ ಸ್ಪರ್ಶ ಸತ್ತುಹೋಗಿತ್ತು. ಬಿಸಿ, ಚುಚ್ಚು, ನೋವು ಯಾವುದೂ ಆ ಪಾದಕ್ಕೆ ತಿಳಿಯುತ್ತಿರಲಿಲ್ಲ. ಬರಿಗಾಲಲ್ಲಿ ಎಲ್ಲೂ ನಡೆಯಬೇಡಿ, ಮನೆಯೊಳಗೂ ಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ರಸ್ತೆಗೆ ಎಂದೂ ತಾಗಿಸದ ಹೊಸ ಶೂ ಒಂದು ಜೊತೆ ತಂದು ನನಗಾಗಿಯೇ ಇಟ್ಟಿದ್ದಳು. ರಾಜಮ್ಮಣ್ಣಿಯವರು ಮುಖ ಸಿಂಡರಿಸಿದರೂ, ಹೊಸದು ತಾನೆ ಎಂದು ಸುಮ್ಮನಿದ್ದರು.

ಬೆಳಿಗ್ಗೆ ಗಿರಿಜಾ ನನ್ನ ಮೇಲೆ ಹತ್ತುವಳು. ಅದೇ ಹೊತ್ತಿಗೆ ಲಿಲ್ಲಿ ಟೀಚರ್ ರಸ್ತೆಗೆ ಇಳಿಯುವರು. ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಎದೆಯ ಮೇಲೆ ಇಟ್ಟುಕೊಂಡರೆ ಇಬ್ಬರ ವಾಕಿಂಗ್ ಶುರು. ಟೀಚರ್ ಕಂಡದ್ದನ್ನೆಲ್ಲ ಹೇಳುವರು. ಮೂಲೆಮನೆಯ ಮುಂದಿನ ಹೊಂಗೆ ಚಿಗುರಿದೆ. ಫುಟ್‌ಪಾತಿನ ಚಪ್ಪಡಿಯನ್ನು ಮತ್ತೆ ಎತ್ತಿ ಹಾಗೇ ಬಿಟ್ಟುಹೋಗಿದ್ದಾರೆ, ಹುಷಾರಾಗಿ ದಾಟು ಎನ್ನುವರು. ಗಿರಿಜಾ ನನ್ನ ಮೇಲೆ ಒಂದು ಹೆಜ್ಜೆ ದೊಡ್ಡದಾಗಿ ಹಾಕುವಳು. ಆಮೇಲೆ ಇಬ್ಬರೂ ನಗುವರು. ಬಲಗಾಲು ಗಟ್ಟಿಯಾಗಿ, ಎಡಗಾಲು ಸ್ವಲ್ಪ ಅನುಮಾನದಿಂದ ಬೀಳುವ ಆ ನಡಿಗೆ ನನಗೆ ಪ್ರಿಯವಾಯಿತು. ಸಕ್ಕರೆಯೂ ಇಳಿಯಿತು. ಹೀಗೇ ನಡೆದರೆ ಇಂಜೆಕ್ಷನ್ ಬೇಕಿಲ್ಲ, ಕಾಲೂ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಆಕೆ ಟೀಚರಿಗೆ ಎರಡೆರಡು ಸಲ ಹೇಳಿದಳು. ಅವಳ ತಾಯಿ ಮೊಣಕಾಲಿನ ಕೆಳಗೆ ಕಾಲಿಲ್ಲದೆ ತೀರಿಕೊಂಡಿದ್ದು ಇದೇ ಕಾಯಿಲೆಯಿಂದ. ನನಗೆ ನಡೆಯೋದೊಂದು ಇರಲಿ ಟೀಚರ್, ಬೇರೇನೂ ಬೇಡ ಎಂದಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಮೈಸೂರಿನಲ್ಲಿ ಆ ದಿನ ಸುತ್ತಿಗೆಯಿಂದ ಸಿಟಿ ಬಸ್ಸಿನವರೆಗೆ ಎಲ್ಲಕ್ಕೂ ಪೂಜೆ. ಮೋಟಾರಿನ ಅನ್ನ ತಿನ್ನುವ ಮನೆಯಲ್ಲಿ ಕೇಳಬೇಕೇ? ಶಿವನಂಜಪ್ಪನವರು ಅಂಗಡಿಯ ಪೂಜೆ ಮುಗಿಸಿ ಮನೆಗೆ ಬಂದು ನನ್ನನ್ನು ಹಿಡಿದರು. ನನ್ನ ಗಾಜಿನ ಮುಖಕ್ಕೆ ವಿಭೂತಿ ಬಳಿದರು. ಪಟ್ಟಿಯ ಉದ್ದಕ್ಕೂ ಅರಿಸಿನ ಕುಂಕುಮ ಕಲಸಿ ಬೊಟ್ಟಿಟ್ಟರು. ಹಿಡಿಕೆಗಳಿಗೆ ಎರಡು ಬಾಳೆಕಂದು ಕಟ್ಟಬೇಕಾಯಿತು, ದಾರ ಸಿಗಲಿಲ್ಲ. ಜೇಬಿನಲ್ಲಿದ್ದ ತಾಮ್ರದ ತಂತಿಯಿಂದ ಬಿಗಿದು, ತುದಿಯನ್ನು ಇಕ್ಕಳದಿಂದ ಕತ್ತರಿಸಿದರು. ಕಡ್ಲೆಪುರಿಯನ್ನು ನನ್ನ ಮೇಲೆ ಎರಚಿದರು, ಕರ್ಪೂರ ಬೆಳಗಿದರು, ಹೊಸ್ತಿಲ ಆಚೆ ಬೂದುಗುಂಬಳ ಒಡೆದರು. ಸಂಜೆಯ ಹೊತ್ತಿಗೆ ನನ್ನ ಸಂದುಗಳಲ್ಲೆಲ್ಲ ಪುರಿ, ಪುರಿಗೆ ಇರುವೆ, ಬಾಳೆಹಣ್ಣಿನ ಅಂಟು. ಕಾಲಿಡಲಿ ಎಂದು ಮಾಡಿದ ವಸ್ತುವಿಗೆ ಹಣೆ ಮುಟ್ಟಿಸಿದರು. ನನಗೆ ಮೈಮೇಲೆ ಹಲ್ಲಿ ಹರಿದ ಹಾಗಾಯಿತು.

ಹಬ್ಬ ಕಳೆದು ಗಿರಿಜಾ ಶೂ ಹಾಕಿಕೊಂಡು ಹತ್ತಲು ಬಂದಾಗ ರಾಜಮ್ಮಣ್ಣಿಯವರು ಅಡ್ಡ ಬಂದರು.

"ಪೂಜೆ ಆಗಿರೋ ಮಿಷನ್ನು ಕಣವ್ವ. ಮೆಟ್ಟು ಹಾಕ್ಕೊಂಡು ಹತ್ತೀಯಾ?"

ಗಿರಿಜಾ ಡಾಕ್ಟರ ಮಾತು ಹೇಳಿದಳು. ಡಾಕ್ಟರು ಹೇಳಿದ್ದು ರಸ್ತೆಗೆ, ಮನೆಯೊಳಗೆ ಏನು ಕಲ್ಲೋ ಮುಳ್ಳೋ ಎಂದು ಅತ್ತೆ ಕೇಳಿದರು. ನಡೆಯಬೇಡ ಎಂದು ಅವರು ಹೇಳಲೇ ಇಲ್ಲ. ಸ್ನಾನ ಮಾಡಿ, ಮುಟ್ಟಿ ನಮಸ್ಕರಿಸಿ, ಬರಿಗಾಲಲ್ಲಿ ಹತ್ತಲಿ ಎಂದರು. ಗುಡಿಯ ಮೆಟ್ಟಿಲನ್ನೂ ನಾವು ತುಳಿದೇ ಹತ್ತುತ್ತೇವಲ್ಲ, ಹಾಗೆ. ಇದರಲ್ಲಿ ಕೆಡುಕು ಎಲ್ಲಿದೆ ಎಂದು ಅವರಿಗೆ ನಿಜವಾಗಿಯೂ ಕಾಣಲಿಲ್ಲ. ಗಿರಿಜಾ ಗಂಡನ ಮುಖ ನೋಡಿದಳು. ಅವರು ಪೇಪರಿನ ಹಿಂದಿನಿಂದ, ಅವ್ವ ಹೇಳಿದ ಹಾಗೆ ಮಾಡು, ಒಳಗಡೆ ತಾನೆ ಎಂದರು. ಡಾಕ್ಟರ ಮಾತು ಅವರಿಗೆ ಗೊತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿಗೆ ಚಪ್ಪಲಿ ಬಿಡಿಸುವ ಮನುಷ್ಯನಿಗೆ, ಶೂ ಹಾಕಿಕೋ ಎಂದು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ.

ಅವಳು ಶೂ ಬಿಚ್ಚಿದಳು.

ಆ ತಾಮ್ರದ ತಂತಿಯ ಕತ್ತರಿಸಿದ ತುಂಡು, ಉಗುರಿಗಿಂತ ಉದ್ದವಿಲ್ಲದ್ದು, ಕಡ್ಲೆಪುರಿಯ ಜೊತೆ ಬಿದ್ದು ನನ್ನ ಪಟ್ಟಿಯ ರಬ್ಬರಿನಲ್ಲಿ ನೆಟ್ಟುಕೊಂಡಿತ್ತು. ತುದಿ ಮಾತ್ರ ಮೇಲೆ. ನನಗೆ ಗೊತ್ತಿತ್ತು, ನನ್ನ ಮೈಯಲ್ಲವೇ. ರಸ್ತೆಯ ಮುಳ್ಳು ಒಂದು ಸಲ ಚುಚ್ಚುತ್ತದೆ, ನಡೆಯುವವರು ಮುಂದೆ ಹೋಗುತ್ತಾರೆ, ಮುಳ್ಳು ಹಿಂದೆ ಉಳಿಯುತ್ತದೆ. ನನ್ನ ಮೇಲಿನ ಮುಳ್ಳು ಹಾಗಲ್ಲ. ಕೆಳಗೆ ಹೋಗುತ್ತದೆ, ಉರುಳೆ ಸುತ್ತಿ ಮತ್ತೆ ಮೇಲೆ ಬರುತ್ತದೆ, ಅದೇ ಪಾದದ ಕೆಳಗೆ. ಬಲಗಾಲಿಗೆ ತಗುಲಿದ್ದರೆ ಅವಳು ಹೌಹಾರಿ ಇಳಿಯುತ್ತಿದ್ದಳು. ತಂತಿ ಇದ್ದದ್ದು ಎಡಗಡೆ. ಎಡಗಾಲಿಗೆ ಏನೂ ತಿಳಿಯಲಿಲ್ಲ. ದೇವರಕೋಣೆಯ ಕಡೆ ಮುಖ ಮಾಡಿ ಅವಳು ನಡೆಯುತ್ತಲೇ ಇದ್ದಳು.

ಮೊದಲು ಒಂದು ತೇವ. ಬೆವರಲ್ಲ, ಬೆವರನ್ನು ನಾನು ಚೆನ್ನಾಗಿ ಬಲ್ಲೆ. ಇದು ಬೆಚ್ಚಗಿತ್ತು, ಅಂಟುತ್ತಿತ್ತು. ನನ್ನಲ್ಲಿ ಕೆಂಪು ಗುಂಡಿಯೊಂದಿದೆ, ಒತ್ತಿದರೆ ನಿಲ್ಲುತ್ತೇನೆ. ಆದರೆ ಅದನ್ನು ಒತ್ತಬೇಕಾದದ್ದು ಮನುಷ್ಯರು. ಅವಳ ಹೆಜ್ಜೆಯನ್ನು ಅಷ್ಟು ಪ್ರೀತಿಸಿದ ನಾನು ಅವಳ ಪಾದವನ್ನು ದಿನಾ ಸೀಳುತ್ತಿದ್ದೆ. ಮನುಷ್ಯರ ಬಗ್ಗೆ ನನಗಿದ್ದ ಹೇಸಿಗೆ ಆಗ ನನ್ನ ಮೇಲೇ ತಿರುಗಿತು.

ಫೋನಿನಲ್ಲಿ ಲಿಲ್ಲಿ ಟೀಚರ್ ಒಂದು ದಿನ, ಶೂ ಹಾಕ್ಕೊಂಡಿದ್ದೀಯ ತಾನೆ ಎಂದು ಕೇಳಿದರು. ಗಿರಿಜಾ ಅಡುಗೆಮನೆಯ ಕಡೆ ನೋಡಿ, ಹೂಂ ಟೀಚರ್ ಎಂದಳು.

ನಡೆದು ಮುಗಿಸಿ ಅವಳು ಕಾಲು ತೊಳೆದು ಮನೆಗೆಲಸಕ್ಕೆ ಹೋಗಿಬಿಡುತ್ತಿದ್ದಳು. ಅಂಗಾಲನ್ನು ಎತ್ತಿ ನೋಡಿಕೊಳ್ಳುವ ಪುರುಸೊತ್ತು ಆ ಮನೆಯಲ್ಲಿ ಅವಳಿಗೆ ಎಲ್ಲಿತ್ತು? ನನ್ನ ಮೇಲಿನ ಕಲೆಯನ್ನು ಮೊದಲು ಕಂಡವರು ರಾಜಮ್ಮಣ್ಣಿಯವರು. ಹಬ್ಬ ಕಳೆದು ಇಷ್ಟು ದಿನವಾದರೂ ಪಟ್ಟಿಯ ಮೇಲೆ ಕೆಂಪು ಹಾಗೇ ಇದೆ. ಬೇರೆ ಕಡೆ ಇಟ್ಟ ಬೊಟ್ಟುಗಳೆಲ್ಲ ಉದುರಿಹೋಗಿವೆ, ಇಲ್ಲಿ ಮಾತ್ರ ದಿನದಿಂದ ದಿನಕ್ಕೆ ಗಾಢವಾಗುತ್ತಿದೆ. ಕುಂಕುಮ ಮಾಸಿಲ್ಲ! ಅವರು ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಂಡರು. ಸೊಸೆಯ ಹುಣ್ಣಿನ ರಕ್ತವನ್ನು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ಬರಿಗಾಲಲ್ಲಿ ಹತ್ತು ಎಂದೆನಲ್ಲ, ತಾಯಿ ಒಪ್ಪಿಕೊಂಡಿದ್ದಾಳೆ ನೋಡು ಎಂದು ಸೊಸೆಗೆ ಹೇಳಿದರು.

ಅವರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಬೀದಿಯ ಹೆಂಗಸರಿಗೂ ಹೇಳಿದರು. ನಾಲ್ಕೈದು ಜನ ಬಂದರು, ಬಗ್ಗಿ ನೋಡಿದರು, ಮುಟ್ಟಿದರು. ಒಬ್ಬರು ಹೂವು ಇಟ್ಟರು. ನಿನ್ನ ಕಾಲ್ಗುಣ ಕಣೇ ಎಂದು ಗಿರಿಜಾಳ ಗಲ್ಲ ಹಿಡಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನೆಯಲ್ಲಿ ಅವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲಿರಬೇಕು. ಅವಳು ನಾಚಿಕೊಂಡು ಎಲ್ಲರಿಗೂ ಕಾಫಿ ಕೊಟ್ಟಳು. ಆ ಹೂವು ನನ್ನ ಮೇಲೆ ಬಾಡಿ, ಕೊಳೆತು, ರಕ್ತದ ಜೊತೆ ಕಲೆತು ಮೆತ್ತಿಕೊಂಡಿತು. ಥೂ. ಜಿಮ್ಮಿನ ಬೆವರು ಎಷ್ಟೋ ವಾಸಿ, ಅದನ್ನು ಯಾರೂ ತೀರ್ಥವೆಂದು ತಿಳಿಯಲಿಲ್ಲ.

ಆಮೇಲೆ ವಾಸನೆ ಶುರುವಾಯಿತು. ಗಿರಿಜಾಗೆ ಸ್ವಲ್ಪ ಜ್ವರವೂ ಇತ್ತು, ಹವಾ ಬದಲಾಗಿದ್ದಕ್ಕೆ ಎಂದುಕೊಂಡಳು. ನೊಣಗಳು ಬಂದವು. ನನ್ನ ಸಂದಿನಲ್ಲಿ ಬಾಳೆಹಣ್ಣು ಕೊಳೆತಿದೆ ಎಂದು ರಾಜಮ್ಮಣ್ಣಿಯವರು ಹೇಳಿದರು. ಒಂದು ಬೆಳಿಗ್ಗೆ ಗಿರಿಜಾ ಬಕೆಟ್ಟು, ಬಟ್ಟೆ ಹಿಡಿದು ಕೂತಳು. ನನ್ನ ಅಡಿಗೆ ಕೈ ಹಾಕಿ ಪುರಿ ತೆಗೆದಳು, ಹೂವು ತೆಗೆದಳು, ಉರುಳೆ ಒರೆಸಿದಳು. ಎಲ್ಲ ಚೊಕ್ಕವಾಯಿತು, ವಾಸನೆ ಹೋಗಲಿಲ್ಲ. ಅವಳು ಮೂಗು ಅರಳಿಸಿ ಆ ಕಡೆ ಈ ಕಡೆ ತಿರುಗಿದಳು. ತಿರುಗಿದ ಕಡೆಗೆಲ್ಲ ವಾಸನೆಯೂ ಜೊತೆಗೇ ಬಂತು. ಆಗ ನಿಧಾನವಾಗಿ ನೆಲದ ಮೇಲೆ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಾಲನ್ನು ತನ್ನ ಕಡೆಗೆ ತಿರುಗಿಸಿದಳು.

ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ನಾಣ್ಯದಷ್ಟು ತೂತು, ಸುತ್ತ ಕಪ್ಪು. ಅದರೊಳಗೆ ಕಿರುಬೆರಳಿನ ತುದಿ ಇಟ್ಟು ನೋಡಿದಳು, ಆಗಲೂ ನೋವಿಲ್ಲ. ನೋವಿಲ್ಲ ಎಂಬುದಕ್ಕೇ ಅವಳಿಗೆ ಅಳು ಬಂತು. ಆಮೇಲೆ ನನ್ನ ಪಟ್ಟಿಯ ಮೇಲಿನ ಕೆಂಪು ನೋಡಿದಳು, ಅಂಗಾಲು ನೋಡಿದಳು. ಗೊತ್ತಾಯಿತು. ಗಂಡನನ್ನೂ ಕರೆಯಲಿಲ್ಲ, ಅತ್ತೆಯನ್ನೂ ಕರೆಯಲಿಲ್ಲ. ಫೋನು ತೆಗೆದು, ಟೀಚರ್ ಒಂಚೂರು ಬನ್ನಿ, ನಾನು ಶೂ ಹಾಕಿರಲಿಲ್ಲ ಎಂದಳು.

ಆಸ್ಪತ್ರೆಯಲ್ಲಿ ಎಡಗಾಲಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತಂತೆ. ಮನೆಯಲ್ಲಿ ನಡೆದ ಮಾತುಗಳಿಂದ ನನಗಿದು ತಿಳಿಯಿತು.

ಅವಳು ಆಸ್ಪತ್ರೆಯಲ್ಲಿದ್ದಾಗ ಶಿವನಂಜಪ್ಪನವರು ಒಬ್ಬರೇ ಇದ್ದ ಹೊತ್ತಿನಲ್ಲಿ ನನ್ನ ಪಕ್ಕ ಕೂತರು. ಪಟ್ಟಿಯ ಮೇಲೆ ಅಂಗೈ ಇಟ್ಟು ಇಂಚಿಂಚಾಗಿ ಸವರುತ್ತ ಬಂದರು. ತಂತಿ ಚುಚ್ಚಿತು. ಇಕ್ಕಳದಿಂದ ಕಿತ್ತು ಬೆಳಕಿಗೆ ಹಿಡಿದರು. ತಾಮ್ರದ ತಂತಿಯನ್ನು ಅವರು ಗುರುತಿಸದೆ ಇರುತ್ತಾರೆಯೇ, ದಿನಾ ಬೆಳಗಾದರೆ ಸುತ್ತುವುದು ಅದನ್ನೇ. ತಪ್ಪು ತಮ್ಮದೆಂದು ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಬಾಗಿಲಿಗೆ ಹೋಗಿ ತಂತಿಯನ್ನು ಚರಂಡಿಗೆ ಎಸೆದು ಬಂದು ಕೈ ತೊಳೆದುಕೊಂಡರು. ಸಂಜೆ ತಾಯಿ, ಈ ಮಿಷನ್ನು ನಮ್ಮನೆಗೆ ಆಗಿಬರಲಿಲ್ಲ ಕಣಪ್ಪ, ಹಳೇದು ನೋಡು, ಯಾರ ದೃಷ್ಟಿ ಇತ್ತೋ ಎಂದಾಗ, ಇರಬಹುದವ್ವ ಎಂದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರುವಷ್ಟಾದರೂ ಮರ್ಯಾದೆ ಉಳಿದಿರಬೇಕು.

ದೃಷ್ಟಿ ತೆಗೆಯಲು ಒಬ್ಬರು ಬಂದು ನಿಂಬೆಹಣ್ಣು ಹಿಂಡಿದರು. ನನ್ನ ಪ್ಲಗ್ಗು ಕಿತ್ತರು. ಮೇಲೆ ಒಗೆದ ಬಟ್ಟೆಗಳು ಬಂದವು. ಮೊದಲು ದೇವರಾಗಿದ್ದವನು ಈಗ ಶನಿ, ಶನಿಯ ಹೆಗಲ ಮೇಲೆ ಒದ್ದೆ ಪಂಚೆ.

ಗಿರಿಜಾ ತಿಂಗಳುಗಟ್ಟಲೆ ಮಲಗಿದಳು. ಎದ್ದ ಮೇಲೆ ಆಸ್ಪತ್ರೆಯಲ್ಲಿ ಅವಳ ಪಾದದ ಅಳತೆಗೆ ಮಾಡಿಕೊಟ್ಟ ಮೆತ್ತನೆಯ ಪಟ್ಟಿಚಪ್ಪಲಿಯಲ್ಲಿ ನಡೆಯಲು ಕಲಿತಳು. ಹಾಸಿಗೆಯಿಂದ ಇಳಿಯುವಾಗ ಹಾಕಿದರೆ ಮತ್ತೆ ಹಾಸಿಗೆ ಹತ್ತುವಾಗಲೇ ಬಿಚ್ಚಬೇಕು, ಇನ್ನೊಂದು ಗಾಯವಾದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದಿದ್ದರು. ಅವಳು ಅದನ್ನು ಹಾಕಿಕೊಂಡೇ ಹಜಾರ ದಾಟಿದಳು, ಅಡುಗೆಮನೆಗೆ ಹೋದಳು. ರಾಜಮ್ಮಣ್ಣಿಯವರು ಅವಳು ಹೋದ ಜಾಗವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹಿಂದೆ ಹಿಂದೆ ಬರುತ್ತಿದ್ದರು. ನೋಡಿ ನೋಡಿ ನನಗೆ ಆ ಒರೆಸುವ ಬಟ್ಟೆಯೇ ಮನೆಯಲ್ಲಿ ಎಲ್ಲಕ್ಕಿಂತ ಕೊಳಕು ಅನ್ನಿಸಿತು.

ಮುಂದಿನ ಆಯುಧಪೂಜೆ ಬಂತು. ಶನಿಯನ್ನು ಪೂಜಿಸದೆ ಬಿಟ್ಟರೆ ಶನಿ ಇನ್ನೂ ಕೆರಳುತ್ತಾನೆ ಎಂದುಕೊಂಡರೇನೋ, ನನ್ನ ಮೇಲಿನ ಬಟ್ಟೆಗಳನ್ನು ತೆಗೆದು, ತಟ್ಟೆ ಹಿಡಿದು ರಾಜಮ್ಮಣ್ಣಿಯವರು ಬಂದರು. ಶಿವನಂಜಪ್ಪನವರು ಪಕ್ಕದಲ್ಲಿ ನಿಂತಿದ್ದರು. ಗಿರಿಜಾ ರೂಮಿನಿಂದ ಚಪ್ಪಲಿಯಲ್ಲೇ ಹೊರಗೆ ಬಂದಳು. ಇವತ್ತೊಂದು ದಿನ ಬಿಚ್ಚಿಡವ್ವ, ಹಬ್ಬ ಎಂದರು ಅತ್ತೆ. ದನಿ ಮೆತ್ತಗಿತ್ತು, ಬೇಡಿಕೊಳ್ಳುವ ಹಾಗೆ.

ಗಿರಿಜಾ ಬಂದು ನನ್ನ ಮೇಲೆ ಕೂತಳು. ಸರಿ ಎಂದು ಚಪ್ಪಲಿಯ ಪಟ್ಟಿ ಬಿಡಿಸಿದಳು. ಅತ್ತೆಯ ಮುಖ ಅರಳಿತು. ಆಮೇಲೆ ಅವಳು ಆ ಮೂರು ಬೆರಳಿನ ಪಾದವನ್ನು ಎತ್ತಿ, ಕುಂಕುಮದ ತಟ್ಟೆಯ ಮುಂದೆ ಚಾಚಿದಳು.

"ಇದಕ್ಕೆ ಇಡಿ ಅತ್ತೆ. ಈ ಮನೇಲಿ ಬೆರಳು ಹೋಗೋವರೆಗೂ ಒಂದಿನಾನೂ ನಿಲ್ದೆ ಓಡಿದ್ದು ಇದೊಂದೇ."

ಆಸ್ಪತ್ರೆಯಿಂದ ಬಂದ ಮೇಲೆ ಆ ಕಾಲನ್ನು ರಾಜಮ್ಮಣ್ಣಿಯವರು ಒಂದು ಸಲವೂ ನೋಡಿರಲಿಲ್ಲ. ಈಗ ನೋಡಬೇಕಾಯಿತು. ಹೊಲಿಗೆಯ ಗುರುತು, ಬೆರಳಿಲ್ಲದ ಕಡೆ ಜಗ್ಗಿ ಮಡಿಸಿದ ಚರ್ಮ, ಇನ್ನೂ ಪೂರ್ತಿ ಮಾಯದ ಗುಲಾಬಿ ಮಾಂಸ. ಕುಂಕುಮ ಮುಟ್ಟಿದ ಬೆರಳು ಗಾಳಿಯಲ್ಲೇ ನಿಂತಿತು. ಮುಖದಲ್ಲಿ ಅಸಹ್ಯ ಎದ್ದು ಕಂಡಿತು. ಅವರು ಅದನ್ನು ಅಡಗಿಸಲು ಒದ್ದಾಡಿದ್ದೂ ಕಂಡಿತು, ಆಗಲಿಲ್ಲ. ಅವತ್ತು ಪಟ್ಟಿಯ ಮೇಲಿನ ಕೆಂಪನ್ನು ಕಣ್ಣಿಗೆ ಒತ್ತಿಕೊಂಡವರಿಗೆ ಅದು ಹೊರಟ ಜಾಗ ನೋಡಲು ಆಗಲಿಲ್ಲ.

ಹಾಕ್ಕೊಳ್ಲಿ ಬಿಡವ್ವ ಎಂದರು ಶಿವನಂಜಪ್ಪನವರು, ಗೋಡೆಯ ಕಡೆ ನೋಡುತ್ತ. ಅದೇ ಎರಡು ಮಾತು ಹಿಂದಿನ ವರ್ಷ ಪೇಪರಿನ ಹಿಂದಿನಿಂದ ಬಂದಿದ್ದರೆ ಸಾಕಿತ್ತು.

ರಾಜಮ್ಮಣ್ಣಿಯವರು ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಆ ಕುಂಕುಮವನ್ನು ಮಿಕ್ಸಿಗೆ ಇಟ್ಟರು ಎಂದು ಕಾಣುತ್ತದೆ, ಗಂಟೆಯ ಸದ್ದು ಅಡುಗೆಮನೆಯಿಂದ ಬಂತು. ಗಿರಿಜಾ ನನ್ನ ಮೇಲೆ ಕೂತೇ ಚಪ್ಪಲಿ ಹಾಕಿಕೊಂಡಳು. ಹೊರಗೆ ಗೇಟಿನ ಬಳಿ ಲಿಲ್ಲಿ ಟೀಚರ್ ಕಾಯುತ್ತಿದ್ದರು. ಎಲ್ಲಿಗೆ ಎಂದು ಗಂಡ ಕೇಳಿದರು. ನಡೆಯೋಕೆ ಎಂದಳು. ಹಬ್ಬದ ದಿನ, ಬೀದಿಯ ತುಂಬ ಜನ, ಜರಿ ಸೀರೆಯ ಕೆಳಗೆ ಆಸ್ಪತ್ರೆ ಚಪ್ಪಲಿ, ಕುಂಟು ಹೆಜ್ಜೆ. ಅವರು ಬಾಗಿಲವರೆಗೆ ಹೋದರು, ತಡೆಯಲಿಲ್ಲ. ಹೆಜ್ಜೆಯ ಸದ್ದು ಮೆಟ್ಟಿಲಿಳಿದು, ಗೇಟು ದಾಟಿ, ದೂರ ಹೋಯಿತು. ನನ್ನ ಮೇಲೆ ನಡೆದವರ ಸದ್ದು ದೂರ ಹೋಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ದೀಪಾವಳಿಗೆ ಮೊದಲು ನನ್ನನ್ನು ಗುಜರಿಗೆ ಹಾಕಿದರು. ಮೋಟಾರನ್ನು ಮಾತ್ರ ಶಿವನಂಜಪ್ಪನವರು ಬಿಚ್ಚಿ ಇಟ್ಟುಕೊಂಡರು, ಕಣ್ಣಿಗೆ ಒತ್ತಿಕೊಂಡೇ. ಈಗ ನಾನು ತುಕ್ಕು ಹಿಡಿದ ಸೈಕಲ್ಲುಗಳ, ಒಡೆದ ಕಮೋಡುಗಳ ನಡುವೆ ಮಗುಚಿ ಬಿದ್ದಿದ್ದೇನೆ. ಇಲಿಗಳು ಓಡಾಡುತ್ತವೆ, ನಾಯಿ ಬಂದು ಕಾಲೆತ್ತುತ್ತದೆ. ಇಲ್ಲಿ ಯಾರೂ ನನ್ನನ್ನು ಮುಟ್ಟಿ ನಮಸ್ಕರಿಸುವುದಿಲ್ಲ, ಈ ಕೊಳಕಿನಲ್ಲಿ ನನಗೆ ಒಂದು ಬಗೆಯ ನೆಮ್ಮದಿಯಿದೆ.

ಗಿರಿಜಾ ಈಗ ಯಾವ ರಸ್ತೆಯಲ್ಲಿ ನಡೆಯುತ್ತಿದ್ದಾಳೋ ನನಗೆ ಗೊತ್ತಿಲ್ಲ. ಚಪ್ಪಡಿ ಕಿತ್ತ ಫುಟ್‌ಪಾತಿರಬಹುದು, ನಾಯಿಗಳಿರಬಹುದು, ನಗುವ ಗಿರಾಕಿಗಳಿರಬಹುದು. ನನ್ನ ಮೇಲಂತೂ ಅವಳು ನಡೆಯುತ್ತಿಲ್ಲ, ನನಗೆ ಅಷ್ಟು ಸಾಕು.